ಶೋಭಾ ಬಸಿರಾಗಿದ್ದ ವರ್ಷ

ಹೋದ ತಿಂಗಳು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೊರಟಿದ್ದ ನಮ್ಮ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ನಿಂತಿತು. ಎಲ್ಲರ ಜೊತೆ ನಾನೂ ಇಳಿದು, ರಸ್ತೆ ಪಕ್ಕದ ಒಂದು ಹೆಂಚಿನ ಮನೆಯ ನೆರಳಿಗೆ ಹೋಗಿ ನಿಂತೆ. ಒಳಗಿನಿಂದ ವಾಸನೆ ಬಂತು. ಒದ್ದೆ ಹಿಪ್ಪುನೇರಳೆ ಸೊಪ್ಪು, ಬ್ಲೀಚಿಂಗ್ ಪೌಡರು, ಸುಣ್ಣ. ಜೊತೆಗೆ ಸಾವಿರಾರು ರೇಷ್ಮೆಹುಳು ಒಟ್ಟಿಗೆ ಸೊಪ್ಪು ಮೇಯುವ ಆ ಸರಸರ ಸದ್ದು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಪೆದ್ದಿಯ ಹಾಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಕಂಡಕ್ಟರು ಬಂದು, "ಏನ್ ಮೇಡಂ, ತಲೆ ಸುತ್ತುತ್ತಾ?" ಅಂತ ಕೇಳಿದ. ಇಲ್ಲಪ್ಪ, ವೆಂಕಟಮ್ಮನ ಹುಳದ ಮನೆ ನೆನಪಾಯಿತು ಅಂದರೆ ಅವನಿಗೇನು ಗೊತ್ತಾಗಬೇಕು?

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ. ನನಗಾಗ ಇಪ್ಪತ್ತೈದು. ಆ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ರಕ್ತಪರೀಕ್ಷೆಗೆ ಬಂದವರ ಜೊತೆ ಕೂತು ಮಾತಾಡುವ ಕೆಲಸ. ಬೋರ್ಡಿನಲ್ಲಿ ಕೌನ್ಸೆಲರ್ ಅಂತ ಇತ್ತು, ಜನ ಮಾತ್ರ 'ಕೋಣೆ ಮೇಡಂ' ಅನ್ನುತ್ತಿದ್ದರು. ಯಾರು ಬಂದರೂ ನಾನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡೇ ಮಾತಾಡುತ್ತಿದ್ದೆನಲ್ಲ, ಅದಕ್ಕೆ. ಆ ಕೋಣೆಯಲ್ಲಿ ಕೇಳಿದ ಹೆಸರು ಹೊರಗೆ ಹೋಗಬಾರದು ಅನ್ನುವುದು ಆಗಿನ ನಿಯಮ, ನನಗೆ ಈಗಲೂ ಅದೇ. ಹಾಗಾಗಿ ಇಲ್ಲಿನ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹಳ್ಳಿ ಯಾವುದು ಅಂತ ದಯವಿಟ್ಟು ಕೇಳಬೇಡಿ.

ಮುಳಬಾಗಿಲಿನ ನಮ್ಮ ಮನೆಯಲ್ಲಿ ಈ ಕೆಲಸದ ವಿಷಯ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಕೇಳಿದವರಿಗೆಲ್ಲ "ಆರೋಗ್ಯ ಇಲಾಖೇಲಿ ಇದಾಳೆ" ಅಂತ ಹೇಳಿ ಮಾತು ಬದಲಿಸುತ್ತಿದ್ದರು. ನಿರೋಧ್ ಬಳಸುವುದು ಹೇಗೆ ಅಂತ ತೋರಿಸಿಕೊಡಲು ಇಲಾಖೆಯವರು ಕೊಟ್ಟಿದ್ದ ಒಂದು ಮರದ ತುಂಡು ಸದಾ ನನ್ನ ಕೈಚೀಲದಲ್ಲಿರುತ್ತಿತ್ತು. ಒಂದು ದಿನ ಚಿಲ್ಲರೆ ಹುಡುಕಲು ಚೀಲಕ್ಕೆ ಕೈಹಾಕಿದ ನಮ್ಮಜ್ಜಿ ಅದನ್ನು ಹೊರಗೆ ತೆಗೆದರು. "ಏನೇ ಇದು, ಕಡಗೋಲಿನ ಹಿಡಿ ಮುರ್ಕೊಂಡ್ ಬಂದಿದೀಯಾ?" ಅಂದರು. ನಾನು ಗಾಬರಿಯಲ್ಲಿ, "ಆಫೀಸಿಂದಜ್ಜಿ, ಕಾಗದ ಹಾರದ ಹಾಗೆ ಮೇಲಿಡೋದು" ಅಂದುಬಿಟ್ಟೆ. ಮಾರನೆಯ ದಿನ ನೋಡಿದರೆ ಅದು ದೇವರ ಮನೆಯಲ್ಲಿ ಪಂಚಾಂಗದ ಮೇಲೆ ಕೂತಿತ್ತು. ಅದನ್ನು ವಾಪಸು ಚೀಲಕ್ಕೆ ಸೇರಿಸುವಷ್ಟರಲ್ಲಿ ನನಗೆ ಏಳು ಕೆರೆಯ ನೀರು ಕುಡಿದಂತಾಯಿತು.

ಶೋಭಾ ಬಂದಿದ್ದು ಆ ವರ್ಷದ ಮಾವಿನಕಾಯಿ ಕಾಲದಲ್ಲಿ. ಬಸಿರಿಯರಿಗೆಲ್ಲ ಮಾಡಿಸುವ ರಕ್ತಪರೀಕ್ಷೆಗೆ ಅವಳ ಊರಿನ ನರ್ಸಮ್ಮ ಕಳಿಸಿದ್ದರು. ಹದಿನೆಂಟು ತುಂಬಿ ಹತ್ತೊಂಬತ್ತಕ್ಕೆ ಬಿದ್ದಿದ್ದಳು, ಮೂರು ತಿಂಗಳ ಬಸಿರು. ತಲೆಗೆ ಶಾಲೆ ಹುಡುಗಿಯರ ಹಾಗೆ ಎರಡು ಬಣ್ಣದ ಕ್ಲಿಪ್ಪು, ಕೈಯಲ್ಲಿ ಉಪ್ಪುಖಾರ ಸವರಿದ ಗಿಣಿಮೂತಿ ಕಾಯಿ. ಎತ್ತರದ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಮದುವೆಗೆ ಮುಂಚೆ ಗಂಡಹೆಂಡಿರ ವಿಷಯ ಯಾರಾದರೂ ಏನಾದರೂ ಹೇಳಿದ್ದರೇನೇ ಅಂತ ಕೇಳಿದರೆ, "ಮದುವೆ ಆದ್ಮೇಲೆ ಬೇಗ ಏಳ್ಬೇಕು ಅಂದಿದ್ರು" ಅಂದಳು. ನನಗೆ ನಗುವೂ ಬಂತು, ಸಂಕಟವೂ ಆಯಿತು.

ಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇದೆ ಅಂತ ಬಂತು. ಹೇಳಿದೆ. ಅವಳ ಕಾಲು ಅಲ್ಲಾಡುವುದು ನಿಂತಿತು. "ಹಂಗಂದ್ರೆ ನಾನ್ ಸತ್ತೋಗ್ತೀನಾ ಮೇಡಂ?"

"ಎಲ್ರೂ ಒಂದಿನ ಹೋಗೋರೇ ಕಣೇ. ನೀನು ಈಗಲೇ ಅಲ್ಲ. ಔಷಧಿ ಇದೆ, ಬೇಕಾದಾಗ ಶುರು ಮಾಡ್ತಾರೆ."

"ಮಗು?"

ನಾನು ಕಲಿತದ್ದನ್ನೆಲ್ಲ ಹೇಳಿದೆ. ಈಗಿನ ಕಾಲದಲ್ಲಾದರೆ ಗೊತ್ತಾದ ದಿನದಿಂದಲೇ ಬಸಿರಿಯರಿಗೆ ದಿನಾ ಮಾತ್ರೆ ಕೊಡುತ್ತಾರೆ. ಆಗ ನಮ್ಮಲ್ಲಿದ್ದದ್ದು ಒಂದೇ ಒಂದು ಮಾತ್ರೆ. ನೋವು ಶುರುವಾದ ಕೂಡಲೇ ತಾಯಿ ನುಂಗಬೇಕು. ಹುಟ್ಟಿದ ಮೂರು ದಿನದೊಳಗೆ ಮಗುವಿನ ಬಾಯಿಗೆ ಒಂದು ಸಿರಪ್ಪು. ಅಷ್ಟರಿಂದಲೇ ಎಷ್ಟೋ ಮಕ್ಕಳು ಪಾರಾಗುತ್ತಿದ್ದವು. ಹೇಳುತ್ತಲೇ ನನ್ನ ಫಾರಂ ತುಂಬಿದೆ. ಗಂಡನ ಹೆಸರು, ಓದು, ಕೊನೆಯ ಮುಟ್ಟಿನ ದಿನ, ಹೆರಿಗೆ ಎಲ್ಲಿ, ಎಲ್ಲದಕ್ಕೂ ಒಂದೊಂದು ಚೌಕವಿತ್ತು. ಶೋಭಾ ನಾನು ಇನ್ನೂ ಏನೋ ಕೇಳುತ್ತೇನೆ ಅನ್ನುವ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ಪಾಪ, ಶಾಕ್ ಆಗಿದೆ ಅಂದುಕೊಂಡೆ.

ಆಮೇಲಿನ ವಾರ ಗಂಡ ಮುನಿರಾಜು ಬಂದ. ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಹೊಡೆಯುವ ಟೆಂಪೋ ಡ್ರೈವರು. ಅವನಿಗೂ ಇತ್ತು. ಯಾರಿಂದ ಯಾರಿಗೆ ಅನ್ನುವ ಪ್ರಶ್ನೆ ನಾನು ಯಾವತ್ತೂ ಕೇಳಿದವಳಲ್ಲ, ಇಲ್ಲೂ ಬರೆಯುವುದಿಲ್ಲ. "ಅತ್ತೆಗೆ ನೀವೇ ಹೇಳಿ ಮೇಡಂ, ನನ್ ಬಾಯಲ್ಲಿ ಬರಲ್ಲ" ಅಂತ ಶೋಭಾ ಹಟ ಹಿಡಿದಳು. ಅತ್ತೆ ವೆಂಕಟಮ್ಮ ಬರೀ ಗಂಡನ ತಾಯಲ್ಲ, ಶೋಭಾಳ ಅಪ್ಪನ ತಂಗಿ. ತಾಯಿ ಸತ್ತಾಗ ಮೂರು ವರ್ಷದ ಕೂಸನ್ನು ತಂದು ಸಾಕಿ, ಬೆಳೆದ ಮೇಲೆ ಮಗನಿಗೇ ಮದುವೆ ಮಾಡಿಕೊಂಡವಳು.

ವೆಂಕಟಮ್ಮ ಬಂದಳು. ಗಟ್ಟಿ ಆಳು, ಅರ್ಧ ತೆಲುಗು ಅರ್ಧ ಕನ್ನಡ, ಎರಡರಲ್ಲೂ ಜೋರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅಯ್ಯೋ ದೇವುಡಾ" ಅಂತ ಒಂದು ಸಲ ಹಣೆ ಮುಟ್ಟಿಕೊಂಡಳು. ಆಮೇಲೆ, "ತಾಯಿಗಿರೋದು ಹೊಟ್ಟೇಲಿರೋ ಮಗೂಗೆ ಹೆಂಗ್ ಬರ್ತದೆ ಮೇಡಮ್ಮ?" ಅಂತ ಕೇಳಿದಳು.

ನನಗೆ ಬುದ್ಧಿವಂತಿಕೆ ತೋರಿಸುವ ಚಟ. ಹುಳ ಸಾಕುವವರ ಮನೆಯಾಕೆ ಅಂತ ಗೊತ್ತಿತ್ತು, ರೇಷ್ಮೆ ಇಲಾಖೆಯ ಒಂದು ಪುಸ್ತಿಕೆಯನ್ನೂ ಬಸ್ಸಿನಲ್ಲಿ ಓದಿದ್ದೆ. "ನಿಮ್ಮ ರೇಷ್ಮೆಹುಳಕ್ಕೆ ಗಂಟುರೋಗ ಬರ್ತದಲ್ಲಮ್ಮ, ತಾಯಿ ಚಿಟ್ಟೆಯಿಂದ ಮೊಟ್ಟೆಗೆ. ಇದೂ ಹಂಗೇ" ಅಂದೆ. ಅವಳ ಮುಖದಲ್ಲಿ ತಟ್ಟನೆ ಅರ್ಥವಾದದ್ದು ಕಂಡಿತು. ಆಮೇಲೆ ಮಾತ್ರೆ, ಸಿರಪ್ಪು ಎಲ್ಲ ಹೇಳಿದೆ. ಅವಳು ತಲೆಯಾಡಿಸಿ, "ತಿಳೀತು ಮೇಡಮ್ಮ, ಚೆನ್ನಾಗಿ ತಿಳೀತು" ಅಂತ ಎದ್ದಳು. ನಾನು ಆ ಸಂಜೆ ಡೈರಿಯಲ್ಲಿ 'ಸ್ಥಳೀಯ ಉದಾಹರಣೆ ಬಹಳ ಪರಿಣಾಮಕಾರಿ' ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದೆ. ಆ ಡೈರಿ ಈಗಲೂ ನನ್ನ ಹತ್ತಿರ ಇದೆ, ನೋಡಿದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಮುಂದಿನ ತಪಾಸಣೆಗೆ ಶೋಭಾ ಬರಲಿಲ್ಲ. ಶನಿವಾರ ಮಧ್ಯಾಹ್ನ ಮುನಿರಾಜು ಒಬ್ಬನೇ ಬಂದು ಬಾಗಿಲಲ್ಲಿ ನಿಂತ. "ಸೋಮವಾರ ಅಮ್ಮ ಅವಳ್ನ ಬಸಿರು ತೆಗೆಸೋಕೆ ಕರ್ಕೊಂಡ್ ಹೋಗ್ತಾಳಂತೆ ಮೇಡಂ. ನೀವೇ ಗಂಟುರೋಗ ಅಂದ್ರಂತಲ್ಲ. ಗಂಟುರೋಗ ಬಂದಿದ್ದನ್ನ ಯಾರಾದ್ರೂ ಇಟ್ಕೊತಾರಾ ಅಂತಾಳೆ."

ಪುಸ್ತಿಕೆಯ ಮುಂದಿನ ಪುಟವನ್ನು ನಾನೂ ಓದಿದ್ದೆ. ರೋಗ ಕಂಡ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಹಾಕಬೇಕು ಅಂತ ಅದರಲ್ಲಿ ಇತ್ತು. ಅದು ನನಗೆ ಬರೀ ಒಂದು ಸಾಲಾಗಿತ್ತು.

ಭಾನುವಾರ ಬೆಳಿಗ್ಗೆಯೇ ಅವರ ಹಳ್ಳಿಗೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ವೆಂಕಟಮ್ಮ ತಡೆದಳು. "ಕಾಲ್ ತೊಳ್ಕೊಳ್ಳಿ ಮೇಡಮ್ಮ, ಕೈನೂ" ಅಂತ ಬ್ಲೀಚಿಂಗ್ ನೀರಿನ ಬೋಗುಣಿ ತೋರಿಸಿದಳು. ತೊಳೆದುಕೊಂಡು ಒಳಗೆ ಹೋದೆ. ಒಂದರ ಮೇಲೊಂದು ಬಿದಿರಿನ ತಟ್ಟೆಗಳು, ಅವುಗಳ ತುಂಬ ಹುಳು. ಮೂಲೆಯಲ್ಲಿ ಶೋಭಾ ಕುಕ್ಕರಗಾಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು.

"ನಾನು ತೆಗೆಸಿ ಅಂತ ಹೇಳಿಲ್ಲಮ್ಮ" ಅಂದೆ.

"ನೀವು ಹೇಳೋದ್ಯಾಕೆ? ಗಂಟುರೋಗ ಬಂದ್ರೆ ಏನ್ಮಾಡ್ತಾರೆ ಅಂತ ನನಗ್ ಗೊತ್ತಿಲ್ವಾ?" ವೆಂಕಟಮ್ಮನ ಕೈ ತಟ್ಟೆಯ ಮೇಲೆ ಸೊಪ್ಪು ಹರಡುತ್ತಲೇ ಇತ್ತು. "ಮದುವೆಗೆ ಮುಂಚೆ ನಾನು ಬಿತ್ತನೆ ಕೋಠೀಲಿ ಕೂಲಿಗಿದ್ದೆ, ಹುಳದ ಮೊಟ್ಟೆ ಮಾಡ್ತಾರಲ್ಲ, ಅಲ್ಲಿ. ಮೊಟ್ಟೆ ಇಟ್ಟ ತಾಯಿ ಚಿಟ್ಟೆನ ಒಂದೊಂದೇ ಅರೆದು ಕೊಡೋದು ನನ್ನ ಕೆಲ್ಸ. ಅಲ್ಲಿನ ಸಾಹೇಬ್ರು ಮಿಷಿನ್ನಾಗೆ ಕಣ್ಣಿಟ್ಟು 'ಇದೆ' ಅಂದ್ರೆ ಆ ತಾಯಿ ಇಟ್ಟ ಅಷ್ಟೂ ಬೆಂಕಿಗೆ. ಹೋದ ವರ್ಷಕ್ ಹಿಂದಿನ ವರ್ಷ ಈ ಮನೇಗೇ ಬಂದಿತ್ತು. ಈ ಕೈಲೇ ಅಷ್ಟು ಹುಳಾನೂ ಗುಂಡಿಗೆ ಹಾಕಿ ಸುಣ್ಣ ಸುರಿದಿದೀನಿ."

"ಅಮ್ಮ, ತಪ್ಪು ನನ್ನದು. ಅರ್ಧ ಹೋಲಿಕೆ ಹೇಳ್ಬಿಟ್ಟೆ. ಗಂಟುರೋಗಕ್ಕೆ ಔಷಧಿ ಇಲ್ಲ, ಇದಕ್ಕಿದೆ. ಎಲ್ಲಾ ಮಕ್ಕಳಿಗೂ ಇದು ಬರೋದೂ ಇಲ್ಲ."

"ಔಷಧಿ ತಗೊಂಡ್ರೆ ಬರೋದೇ ಇಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಮ್ಮ. ಅಪಾಯ ಬಹಳ ಕಮ್ಮಿ ಆಗ್ತದೆ, ಅಷ್ಟೇ."

"ಅಷ್ಟೇನಾ?" ಅವಳು ಮೂಲೆಯ ಕಡೆ ಕೈ ತೋರಿಸಿದಳು. "ಮೂರು ವರ್ಷದ ಕೂಸಿಂದ ಸಾಕಿದೀನಿ ಇವಳ್ನ. ಹೆತ್ತ ಮಗು ಕಣ್ಮುಂದೆ ಸೊರಗೋದನ್ನ ಇವಳು ಕೂತು ನೋಡ್ಬೇಕಾ? ಒಂದ್ ಸಲ ಅತ್ತು ಬಿಡ್ಲಿ ಅಂತ ನಾನು."

ಕಲ್ಲೆದೆಯವಳು ಅಂತ ಬಸ್ಸಿನುದ್ದಕ್ಕೂ ಬೈದುಕೊಂಡು ಬಂದಿದ್ದೆ. ನೋಡಿದರೆ ಅವಳದು ಬರೀ ಕರುಳಿನ ಸಂಕಟ. ಅಷ್ಟರಲ್ಲಿ ಮೂಲೆಯಲ್ಲಿ ಕುಡುಗೋಲಿನ ಸದ್ದು ನಿಂತಿತು.

"ಅತ್ತೇ, ಹುಳಾನ ಕೇಳೋಕಾಗಲ್ಲ. ನನ್ನ ಕೇಳ್ಬೋದಲ್ಲ?"

ಇಬ್ಬರೂ ತಿರುಗಿದೆವು. ಶೋಭಾ ಎದ್ದು ನಿಂತಿದ್ದಳು, ಲಂಗದ ತುಂಬ ಸೊಪ್ಪಿನ ಚೂರು.

"ರಕ್ತ ಕೊಟ್ಟ ದಿನದಿಂದ ನೋಡ್ತಿದೀನಿ. ಮೇಡಂ ಪಾಠ ಮಾಡಿದ್ರು. ನೀವು ಸೋಮವಾರ ಅಂದ್ರಿ. ನಿಮ್ ಮಗ ತಲೆ ಬಗ್ಗಿಸ್ಕೊಂಡು ಗಾಡಿ ಹತ್ತಿದ್ರು. ಈ ಮಗು ನಿನಗ್ ಬೇಕಾ ಅಂತ ಒಬ್ರಾದ್ರೂ ಕೇಳಿದ್ರಾ?"

ಅವಳು ಮೂರು ಸಲ ನನ್ನೆದುರು ಕೂತಿದ್ದಳು. ಅಷ್ಟೊಂದು ಚೌಕ ತುಂಬಿದ್ದೆ. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ, ತೆಗೆಸುವುದು ತಪ್ಪು ಅಂತ ನಾನು ಅಂದೂ ಅಂದುಕೊಂಡಿರಲಿಲ್ಲ, ಇಂದೂ ಇಲ್ಲ. ಬೇಡ ಮೇಡಂ ಅಂತ ತಾವಾಗಿಯೇ ಬಂದ ಹುಡುಗಿಯರನ್ನು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೇನೆ. ಆದರೆ ಇವಳು ಬೇಕು ಅನ್ನುವವಳೋ ಬೇಡ ಅನ್ನುವವಳೋ ನನಗೆ ಗೊತ್ತೇ ಇರಲಿಲ್ಲ. ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ವೆಂಕಟಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೊಸೆಯ ಎದುರಿಗೆ ಬಂದು ನಿಂತಳು. ಆಮೇಲೆ, "ಸರಿ. ಕೇಳ್ತಿದೀನಿ. ಬೇಕಾ?" ಅಂದಳು.

"ಬೇಕು ಅತ್ತೆ. ಬರದಿದ್ರೆ ನಮ್ಮ ಪುಣ್ಯ. ಬಂದ್ರೆ ನನಗ್ ಕೊಡೋ ಔಷಧೀನೇ ಅದಕ್ಕೂ ಕೊಡ್ತಾರೆ. ಸಾಕ್ತೀನಿ. ನೀವು ನನ್ನ ಸಾಕಲಿಲ್ವಾ?"

ವೆಂಕಟಮ್ಮ ಆ ಕಡೆ ತಿರುಗಿ ಮೂಗು ಸೀಟಿದಳು. ಮತ್ತೆ ಈ ಕಡೆ ತಿರುಗಿದಾಗ ದನಿಯೇ ಬೇರೆ. "ಹಂಗಾದ್ರೆ ಮೇಡಮ್ಮ, ಮೊದ್ಲಿಂದ ಹೇಳಿ. ಅವತ್ತು ಬೆಂಕಿ ಕಣ್ಮುಂದೆ ಬಂದ್ಬಿಡ್ತು, ಆಮೇಲಿಂದು ಕಿವಿಗೇ ಬೀಳಲಿಲ್ಲ. ಯಾವಾಗ ಏನ್ ಕೊಡ್ಬೇಕು, ಏನ್ ಕೊಡಬಾರ್ದು, ಒಂದೂ ಬಿಡದೇ ಹೇಳಿ." ಆ ದಿನ ಸೊಪ್ಪು ಹಾಕುತ್ತಾ ಹಾಕುತ್ತಾ ಅವಳು ಎಲ್ಲವನ್ನೂ ಬಾಯಿಪಾಠ ಮಾಡಿದಳು. ತಪ್ಪಿದ ಕಡೆ ಶೋಭಾ ತಿದ್ದಿದಳು.

ಏಳನೇ ತಿಂಗಳಲ್ಲಿ ಆ ಒಂದು ಮಾತ್ರೆಯನ್ನು ಪೊಟ್ಟಣ ಕಟ್ಟಿ ಕೊಟ್ಟೆ. ವೆಂಕಟಮ್ಮ ಅದನ್ನು ಇಟ್ಟಿದ್ದು ದೇವರ ಗೂಡಿನಲ್ಲೂ ಅಲ್ಲ, ಟ್ರಂಕಿನಲ್ಲೂ ಅಲ್ಲ. ಹುಳದ ಮನೆಯ ಗೋಡೆಯಲ್ಲಿ ಶಾಖ ನೋಡುವ ಥರ್ಮಾಮೀಟರಿನ ಪಕ್ಕದ ಗೂಡಿನಲ್ಲಿ. "ಇಲ್ಲಾದ್ರೆ ದಿನಕ್ ನಾಲ್ಕು ಸಲ ನನ್ನ ಕಣ್ಣಿಗ್ ಬೀಳ್ತದೆ" ಅಂದಳು.

ನವೆಂಬರಿನ ಜಡಿಮಳೆಯಲ್ಲಿ ಒಂದು ಮಧ್ಯಾಹ್ನ ನೋವು ಶುರುವಾಯಿತು. ಅದೇ ಹೊತ್ತಿಗೆ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆಗಿಂದಾಗ್ಗೆ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ಒಂದು ತಿಂಗಳ ದುಡಿಮೆ ಹಾಳು. ವೆಂಕಟಮ್ಮ ಗೋಡೆಯ ಗೂಡಿನಿಂದ ಪೊಟ್ಟಣ ತೆಗೆದು, ಮಾತ್ರೆ ನುಂಗಿಸಿ, ಹುಳುವನ್ನು ಹಾಗೇ ಬಿಟ್ಟು ಸೊಸೆಯ ಜೊತೆ ಟೆಂಪೋ ಹತ್ತಿದಳು. ಆ ಸಲದ ಬೆಳೆ ಅರ್ಧಕ್ಕರ್ಧ ಹೋಯಿತಂತೆ. ಅವಳು ಅದನ್ನು ಒಂದು ದಿನವೂ ಎತ್ತಲಿಲ್ಲ, ಬಹಳ ದಿನಗಳ ಮೇಲೆ ಮುನಿರಾಜು ಹೇಳಿದ.

ಅವತ್ತು ಹೆರಿಗೆ ವಾರ್ಡಿನಲ್ಲಿದ್ದದ್ದು ಮಾಲೂರಿನ ಕಡೆಯ ಒಬ್ಬ ಸಿಸ್ಟರು. ನಾನು ಪಕ್ಕಕ್ಕೆ ಕರೆದು ವಿಷಯ ಹೇಳಲು ಪೀಠಿಕೆ ಹಾಕುತ್ತಿದ್ದರೆ ಅವರು ಅರ್ಧಕ್ಕೇ ತಡೆದು, "ಗ್ಲೌಸ್ ಇದೆ, ಕೈ ಇದೆ, ಹುಡುಗಿಗೆ ನೋವು ಬಂದಿದೆ. ಇನ್ನೇನ್ರೀ ನಿಮ್ದು ಪುರಾಣ, ದಾರಿ ಬಿಡಿ" ಅಂದರು. ಆ ಮಹಾತಾಯಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಐದು ಗಂಟೆಗೆ ಹೆಣ್ಣುಮಗು ಹುಟ್ಟಿತು. ಸಿರಪ್ಪನ್ನೂ ಅವರೇ ಹಾಕಿದರು. ಮಗು ಮುಖ ಕಿವುಚಿ ನುಂಗಿತು.

ಇನ್ನು ಹಾಲಿನ ಮಾತು. ಡಬ್ಬಿ ಹಾಲಾದರೆ ಪೂರ್ತಿ ಡಬ್ಬಿ ಹಾಲು, ತಾಯಿ ಹಾಲಾದರೆ ಆರು ತಿಂಗಳು ಬರೀ ತಾಯಿ ಹಾಲು. ಎರಡನ್ನೂ ಬೆರೆಸಿದರೆ, ನಡುವೆ ಬೇರೆ ಏನಾದರೂ ಕೊಟ್ಟರೆ ಅಪಾಯ ಹೆಚ್ಚು ಅಂತ ನಮಗೆ ಕಲಿಸಿದ್ದರು. ಶೋಭಾ ತನ್ನ ಹಾಲೇ ಅಂದಳು. ಆದರೆ ನಮ್ಮ ಕಡೆ ಕೂಸು ಹುಟ್ಟಿದ ಮನೆಗೆ ಬರುವ ಅಜ್ಜಿಯರು ಬರಿಗೈಲಿ ಬರುತ್ತಾರೆಯೇ? ಒಬ್ಬಳ ಕೈಯಲ್ಲಿ ಜೇನುತುಪ್ಪ, ಒಬ್ಬಳದು ಹರಳೆಣ್ಣೆ, ಇನ್ನೊಬ್ಬಳದು ಸಕ್ಕರೆ ನೀರು. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂತ ಹೇಳುವ ಹಾಗಿಲ್ಲ.

ಹತ್ತು ದಿನ ಕಳೆದು ನಾನು ನೋಡಲು ಹೋದಾಗ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಹುಳದ ಮನೆಯ ಬೋಗುಣಿ ಕೂತಿತ್ತು, ಪಕ್ಕದಲ್ಲಿ ವೆಂಕಟಮ್ಮ. "ಕಾಲ್ ತೊಳ್ಕೊಳ್ಳಿ, ನೋಡಿ, ಹೋಗಿ. ಬಾಯಿಗೇನೂ ಇಡಂಗಿಲ್ಲ. ಆವನಿ ಸೀತಮ್ಮಂಗೆ ಹರಕೆ ಹೊತ್ತಿದೀನಿ, ಆರು ತಿಂಗ್ಳು ತಾಯಿ ಹಾಲು ಬಿಟ್ರೆ ಇನ್ನೇನೂ ತಾಕಿಸಲ್ಲ ಅಂತ."

"ನೀರೂ ಇಲ್ವೇನೇ?" ಅಂದಳು ಒಬ್ಬ ಅಜ್ಜಿ.

"ನೀರೂ ಇಲ್ಲ. ಬೇಕಾದ್ರೆ ಬೆಟ್ಟ ಹತ್ತಿ ಸೀತಮ್ಮನ್ನೇ ಕೇಳ್ಕೊಂಡ್ ಬಾ."

ಅಜ್ಜಿ ಜೇನಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಬಸಿರಿಯಾಗಿ ಕಾಡಿಗೆ ಬಂದು ಈ ಆವನಿ ಬೆಟ್ಟದಲ್ಲೇ ಅವಳಿಜವಳಿ ಹೆತ್ತ ತಾಯಿ ಸೀತಮ್ಮ. ಅವಳ ಹರಕೆಗೆ ನಮ್ಮ ಸೀಮೆಯಲ್ಲಿ ಎದುರಾಡುವವರು ಯಾರು? ವೆಂಕಟಮ್ಮ ನನ್ನ ಕಿವಿಯಲ್ಲಿ, "ಹರಕೆ ಅಂದ್ರೆ ಯಾಕೆ ಅಂತ ಯಾರೂ ಕೇಳಲ್ಲ ಮೇಡಮ್ಮ. ಬೇರೆ ಹುಡುಗೀರ್ಗೂ ಹೇಳ್ಕೊಡಿ" ಅಂದಳು. ಹೇಳಿಕೊಟ್ಟೆ. ಇಲಾಖೆಯ ಯಾವ ಪುಸ್ತಿಕೆಗಿಂತಲೂ ಅದು ಚೆನ್ನಾಗಿ ನಡೆಯಿತು.

ಮಗುವಿಗೆ ಮೂರು ತಿಂಗಳಾದಾಗ ಮುಂದಿನ ಮಾತಿಗೆ ಮೂವರೂ ಬಂದರು. ವೆಂಕಟಮ್ಮ ಕೂತವಳೇ, "ಆಪರೇಷನ್ ಮಾಡ್ಸಿ" ಅಂತ ಶುರು ಮಾಡಿ, ನಾಲಗೆ ಕಚ್ಚಿಕೊಂಡು, "ನೀನ್ ಹೇಳಮ್ಮ" ಅಂತ ಸೊಸೆಯ ಕಡೆ ತಿರುಗಿದಳು. ಶೋಭಾ, "ಆಪರೇಷನ್ ಈಗ ಬೇಡ. ವಂಕಿ ಹಾಕ್ಸ್ಕೊತೀನಿ" ಅಂದಳು. ಕಾಪರ್ ಟಿಗೆ ನಮ್ಮ ಕಡೆ ಹಾಗನ್ನುತ್ತಾರೆ. "ಮಗು ರಿಪೋರ್ಟ್ ಬರ್ಲಿ, ನನಗೂ ಇನ್ನೊಂದ್ ನಾಲ್ಕು ವರ್ಷ ಆಗ್ಲಿ, ಆಮೇಲ್ ನೋಡೋಣ. ಇವ್ರು ಮಾತ್ರ ನಿರೋಧ್ ಬಿಡಬಾರ್ದು." ಮುನಿರಾಜು ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡಿದ. ಆದರೆ ಒಂದು ತಿಂಗಳೂ ತಪ್ಪಿಸಲಿಲ್ಲ. ಬಂದು, ಪ್ಯಾಕೆಟ್ಟುಗಳನ್ನು ಒಯ್ದು, ಟೆಂಪೋದ ಟೂಲ್ ಬಾಕ್ಸಿನಲ್ಲಿ ಜಾಕಿ ಸ್ಪ್ಯಾನರುಗಳ ಜೊತೆ ಇಟ್ಟುಕೊಳ್ಳುತ್ತಿದ್ದ.

ಒಂದೂವರೆ ವರ್ಷಕ್ಕೆ ಮಗುವಿನ ಕೊನೆಯ ಪರೀಕ್ಷೆ. ಮತ್ತೆ ಮಾವಿನ ಕಾಲ. ರಕ್ತ ತೆಗೆದು ರಿಪೋರ್ಟು ನನ್ನ ಮೇಜಿಗೆ ಬರುವ ತನಕದ ಆ ಹೊತ್ತು ಹೇಗೆ ಕಳೆಯಿತೋ ದೇವರೇ ಬಲ್ಲ. ಹೊರಗಿನ ಬೆಂಚಿನಲ್ಲಿ ವೆಂಕಟಮ್ಮ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದಳು. ಮಗು ಅವಳ ಕಾಲಿನ ಸುತ್ತ ತಿರುಗುತ್ತಿತ್ತು. ಲಕೋಟೆ ತೆಗೆದು ಎರಡು ಸಲ ಓದಿದೆ.

ಇಬ್ಬರನ್ನೂ ಒಳಗೆ ಕರೆದು ಬಾಗಿಲು ಹಾಕಿದೆ. "ಇಲ್ಲ ಶೋಭಾ. ಮಗುವಿಗಿಲ್ಲ."

"ಮಿಷಿನ್ನಾಗೆ ಸರಿಯಾಗಿ ನೋಡಿದ್ರಾ?" ಅಂದಳು ವೆಂಕಟಮ್ಮ.

"ನೋಡಿದ್ರಮ್ಮ. ಇಲ್ಲ."

"ನಾ ಬಂಗಾರು ತಲ್ಲಿ, ನನ್ ಚಿನ್ನದ್ ತಾಯಿ" ಅಂತ ಮಗುವನ್ನು ಎದೆಗೆ ಒತ್ತಿಕೊಂಡು ಆ ಗಟ್ಟಿ ಆಳು ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ. ಕೌನ್ಸೆಲರುಗಳು ಅಳಬಾರದು ಅಂತ ತರಬೇತಿಯಲ್ಲಿ ಹೇಳಿದ್ದರು. ಶೋಭಾ ಮಾತ್ರ ಅಳಲಿಲ್ಲ. ಅತ್ತೆಯ ತೋಳಿನಿಂದ ಮಗುವನ್ನು ಇಸಿದುಕೊಂಡು ಸೊಂಟದ ಮೇಲೆ ಕೂರಿಸಿಕೊಂಡಳು.

"ಮೇಡಂ, ನೀವಿನ್ನೂ ಕೇಳಿಲ್ಲ."

"ಏನೇ?"

"ಅವತ್ತು ಹುಳದ ಮನೇಲಿ ಅತ್ತೆ ಕೇಳಿದ್ರು. ಅವತ್ತೇ ರಾತ್ರಿ ನಮ್ಮನೆಯವ್ರೂ ಕೇಳಿದ್ರು. ನೀವು ಮಾತ್ರ ಕೇಳೇ ಇಲ್ಲ."

ನಿಜ. ಆ ಭಾನುವಾರದ ಮೇಲೆ ನನ್ನ ಕೋಣೆಗೆ ಬಂದ ಪ್ರತಿ ಬಸಿರಿಯನ್ನೂ ನಾನು ಮೊದಲು ಕೇಳುತ್ತಿದ್ದದ್ದು ಅದನ್ನೇ. ನಾಚಿಕೆಯಿಂದ ಇವಳನ್ನು ಮಾತ್ರ ಕೇಳಿರಲಿಲ್ಲ. ಮೂಗು ಒರೆಸಿಕೊಂಡು ನೆಟ್ಟಗೆ ಕೂತೆ. "ಶೋಭಾ, ಈ ಮಗು ನಿನಗೆ ಬೇಕಾ?"

"ಬೇಕು ಮೇಡಂ" ಅಂದಳು. ಆಮೇಲೆ ಮೇಜಿನ ಮೇಲೆ ತೆರೆದಿದ್ದ ಅವಳ ಹಳೆಯ ಫಾರಂ ಕಡೆ ಗದ್ದ ತೋರಿಸಿ, "ಬರ್ಕೊಳ್ಳಿ" ಅಂದಳು.

ಅದಕ್ಕೆ ಚೌಕ ಇರಲಿಲ್ಲ. ಕಾಗದದ ಅಂಚಿನಲ್ಲಿ ನಾನೇ ಒಂದು ಚೌಕ ಎಳೆದು, ಒಳಗೆ 'ಬೇಕು' ಅಂತ ಬರೆದೆ.